ಗುರುಪಾದ ಮಿಸ್ತ್ರಿ ನೋಡದೆ ಬಿಟ್ಟ ಆಯಿಲ್

ಗಾಡಿಯ ರೋಗ ಹುಡುಕುವಾಗ ಗುರುಪಾದ ಮಿಸ್ತ್ರಿ ನಿದ್ದೆ ಹೋದವರಂತೆ ಕಾಣುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು, ಚಪ್ಪಲಿ ಬಿಟ್ಟು, ಬರಿಗಾಲನ್ನು ತಗಡಿನ ಮೇಲೆ ಊರಿ ಕಣ್ಣು ಮುಚ್ಚುತ್ತಿದ್ದರು. ಒಂದು ಕೈ ಗೇರಿನ ಮೇಲೆ.

ನಾನು ದನದ ಡಾಕ್ಟರು, ಊರವರ ಬಾಯಲ್ಲಿ ಡಾಕ್ಟರಬಾಯಿ. ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಾಗ ನಾಲ್ಕೂ ಗಾಲಿ ಎಳೆಯುವ ಒಂದು ಹಳೆಯ ಪಿಕಪ್ ಕೂಡ ಬಂತು. ಡ್ರೈವರ್ ಇರಲಿಲ್ಲ, ನಾನೇ ಓಡಿಸುತ್ತಿದ್ದೆ. ಮೊದಲ ತಿಂಗಳಲ್ಲೇ ತಿರುವು ಬಂದಾಗಲೆಲ್ಲ ಗಾಡಿ ನರಳತೊಡಗಿತು. ಒಂದು ಗ್ಯಾರೇಜಿನವರು ಗೇರ್‌ಬಾಕ್ಸೇ ಹೋಗಿದೆ ಎಂದರು. ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ಒಬ್ಬ ಮಿಸ್ತ್ರಿ ಇದ್ದಾರೆ, ಅವರಿಗೊಮ್ಮೆ ತೋರಿಸಿ ಎಂದು ಕಚೇರಿಯಲ್ಲಿ ಯಾರೋ ಹೇಳಿದರು.

ಅವರು ನನ್ನಿಂದ ಡಾಂಬರಿನ ಮೇಲೆ ಗಾಡಿ ಓಡಿಸಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. ಆಮೇಲೆ ಫೋರ್ ವೀಲಿನ ಸಣ್ಣ ಗೇರನ್ನು ತಾವೇ ಬಿಡಿಸಿ, "ಈಗ ಹೊಳ್ಳಸ್ರಿ" ಎಂದರು. ಸಪ್ಪಳ ನಿಂತಿತ್ತು.

"ಗಾಡಿಗೆ ಏನೂ ಆಗಿಲ್ರಿ ಬಾಯಾರ. ಒಣ ರಸ್ತಾದಾಗ ನಾಕೂ ಗಾಲಿ ಹಚ್ಚಿ ಹೊಡದೀರಿ. ಕೆಸರಾಗ ಇದ್ರ ಗಾಲಿ ಜಾರಿ ಹೊಂದ್ಕೋತಾವ. ಇಲ್ಲಿ ಎಲ್ಲಿ ಜಾರಬೇಕ್ರಿ ಅವು?"

ನನಗೆ ನಾಚಿಕೆಯಾಯಿತು. ಅವರು ನಗಲಿಲ್ಲ. ಚಪ್ಪಲಿ ಹಾಕಿಕೊಂಡು ಇಳಿದು ಹೋದರು.

ಅವರದು ಬನಹಟ್ಟಿಯ ನೇಕಾರರ ಮನೆ. ಅಣ್ಣತಮ್ಮಂದಿರೆಲ್ಲ ಪವರ್‌ಲೂಮಿನಲ್ಲೇ ಉಳಿದರು. ಇಪ್ಪತ್ತು ಮಗ್ಗ ಒಮ್ಮೆಗೇ ಬಡಿಯುವಾಗ ಯಾವುದರ ಪೆಟ್ಟು ತಪ್ಪುತ್ತಿದೆ ಎಂದು ಹೇಳುವುದು ಚಿಕ್ಕಂದಿನಲ್ಲಿ ಇವರ ಕೆಲಸವಾಗಿತ್ತಂತೆ. ಅಲ್ಲಿಂದ ಗಾಡಿಗಳಿಗೆ ಬಂದರು. ನಾನು ಕಂಡಾಗ ಅರವತ್ತರ ಹತ್ತಿರ. ದಿನಾ ಬಸ್ಸಿನಲ್ಲಿ ಜಮಖಂಡಿಗೆ ಬಂದು ಹೋಗುವುದು, ಸವೆದ ಮೊಣಕಾಲು, ನೆಲದ ಮೇಲೆ ಮಲಗಿ ಮಾಡುವ ಕೆಲಸ. ಕೆಲಸ ಮುಗಿದ ಮೇಲೂ ಗಾಡಿಯ ಕೆಳಗಿನಿಂದ ಬೇಗ ಹೊರಗೆ ಬರುತ್ತಿರಲಿಲ್ಲ. "ಇಲ್ಲಿ ಯಾರೂ ಮಾತಾಡ್ಸೂದಿಲ್ರಿ, ಒಂದೀಟ ಬಿಡ್ರಿ" ಎನ್ನುತ್ತಿದ್ದರು. ನನಗೂ ಹಾಗೆ ಎಲ್ಲಾದರೂ ಮಲಗಬೇಕು ಅನ್ನಿಸುತ್ತಿದ್ದ ದಿನಗಳವು.

ಗೇರ್ ಆಯಿಲ್ ಬದಲಿಸುವಾಗ ಮೊದಲು ತುಂಬುವ ಬೋಲ್ಟ್ ಬಿಚ್ಚುತ್ತಿದ್ದರು, ಆಮೇಲೆ ಇಳಿಸುವ ಬೋಲ್ಟ್. "ಇದ್ದ ಆಯಿಲ್ ಇಳಿಸಿ ಕುಂತು, ಮ್ಯಾಲಿನ ಬೋಲ್ಟ್ ಬರಲಿಲ್ಲಂದ್ರ ಏನ್ ಮಾಡ್ತೀರಿ? ಗಾಡಿ ಇಲ್ಲೇ ಉಳೀತು." ಇಳಿಸುವ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಹತ್ತಿದ್ದನ್ನು ಬೆರಳಿನಲ್ಲಿ ತಿಕ್ಕಿ ನನಗೆ ತೋರಿಸುತ್ತಿದ್ದರು. ನುಣ್ಣನೆಯ ಬೂದು ರಾಡಿ ಇದ್ದರೆ "ಇದು ವಯಸ್ಸು". ಕಬ್ಬಿಣದ ಚೂರು ಸಿಕ್ಕರೆ "ಇದು ಬ್ಯಾನಿ".

ಒಂದು ಮಳೆಗಾಲ ಕೃಷ್ಣೆ ಉಕ್ಕಿ ಬಂದಿತ್ತು. ಹದಿನೈದು ದಿನ ನೀರಿನಲ್ಲೇ ಗಾಡಿ ಓಡಿಸಿ ದನಗಳಿಗೆ ಸೂಜಿ ಹಾಕಿದೆ. ನೀರಿಳಿದ ಮೇಲೆ, ಫೋರ್ ವೀಲ್ ಹಾಕಿದರೆ ಸಾಕು, ಮುಂದಿನಿಂದ ಗುಂಯ್ ಎನ್ನುವ ಸಪ್ಪಳ. ಮಿಸ್ತ್ರಿ ಮುಂದಿನ ಹೌಸಿಂಗ್, ಅಂದರೆ ಎರಡು ಗಾಲಿಗಳ ನಡುವೆ ಹಲ್ಲುಚಕ್ರ ಇರುವ ಗುಂಡನೆಯ ಪೆಟ್ಟಿಗೆ, ಅದರ ಬೋಲ್ಟ್ ಬಿಚ್ಚಿದರು. ಹಾಲು ಹಾಕಿದ ಚಹದಂಥ ಆಯಿಲ್ ಸುರಿಯಿತು. ನೀರು ಸೇರಿತ್ತು. ಇಳಿಸಿದರು, ಹೊಸದು ತುಂಬಿ ಓಡಿಸಿದರು, ಮತ್ತೆ ಇಳಿಸಿ ತುಂಬಿದರು. ಫೋರ್ ವೀಲಿನ ಸಣ್ಣ ಗೇರ್‌ಬಾಕ್ಸಿಗೂ ಹಾಗೇ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವರು ಹಿಂದಿನ ಹೌಸಿಂಗಿನ ಕಡೆಗೆ ಸರಿದರು.

"ಹಿಂದ ಏನೂ ಸಪ್ಪಳಿಲ್ಲಲ್ರಿ ಮಿಸ್ತ್ರಿ. ಬಿಡ್ರಿ, ನನಗ ಹೋಗಬೇಕಾಗೇತಿ" ಎಂದೆ.

"ಸಪ್ಪಳಿಲ್ಲಂದ್ರ ಛಲೋ ಐತಿ ಅಂತ ಅಲ್ರಿ. ಅದೂ ನೀರಾಗ ನಿಂತೈತಿ."

"ಸೋಮವಾರ ತರ್ತೀನಿ."

ಅವರು ಬೋಲ್ಟಿಗೆ ಹಚ್ಚಿದ್ದ ಪಾನಾ ತೆಗೆದು ಕೆಳಗಿಟ್ಟರು. "ಆತು, ಸೋಮವಾರ ತರ್ರಿ" ಎಂದರು.

ಆ ಸೋಮವಾರ ನಾನು ಹೋಗಲಿಲ್ಲ. ಅದರ ಮುಂದಿನದ್ದೂ ತಪ್ಪಿತು. ದಣಿದಿದ್ದೆ ಎಂದು ಈಗ ಹೇಳಬಹುದು. ಖರೆ ಅಂದರೆ, ಸಪ್ಪಳ ಇಲ್ಲದ್ದು ನೆನಪಿಗೆ ಬರಲಿಲ್ಲ.

ತಿಂಗಳ ಮೇಲೆ ಅನಗವಾಡಿಯಿಂದ ಕರೆ ಬಂತು. ಕಸ್ತೂರೆವ್ವ ಎಂಬ ಹೆಣ್ಣುಮಗಳ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಊರು ಎರಡು ಮೈಲು ಇರುವಾಗ ಗಾಡಿಯ ಹಿಂದುಗಡೆ ಕಲ್ಲು ಅರೆದಂತಾಗಿ ಗಾಲಿ ಬಿಗಿದುಕೊಂಡಿತು. ಮಿಸ್ತ್ರಿಗೆ ಫೋನ್ ಮಾಡಿ, ಚೀಲ ಹೊತ್ತುಕೊಂಡು ಕಬ್ಬಿನ ಹೊಲಗಳ ನಡುವೆ ನಡೆದೆ. ಎಮ್ಮೆ ಉಳಿಯಿತು. ಕರು ಒಳಗೇ ಸತ್ತಿತ್ತು. ಅರ್ಧ ತಾಸು ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತು.

ಸಂಜೆಗೆ ಮಿಸ್ತ್ರಿ ಬಸ್ಸಿನಲ್ಲಿ ಬಂದು, ಗಾಡಿ ಬಿಚ್ಚಿ ನೋಡಿ, ಆಯಿಲ್ ಮೆತ್ತಿದ ಕೈಯಲ್ಲೇ ಕಸ್ತೂರೆವ್ವನ ಮನೆಗೆ ಬಂದರು. ಅಂಗಳದಲ್ಲಿ ನಾಲ್ಕಾರು ಜನ ಸೇರಿದ್ದರು. "ಡಾಕ್ಟರಬಾಯಿ ಯಾಕಿಷ್ಟು ತಡಾ ಮಾಡಿದ್ರಿ?" ಎಂದು ಒಬ್ಬ ಕೇಳುತ್ತಿದ್ದ.

"ತಪ್ಪು ನಂದು ತಂಗೆವ್ವ" ಎಂದರು ಮಿಸ್ತ್ರಿ ಕಸ್ತೂರೆವ್ವನಿಗೆ. "ಹಿಂದಿನ ಆಯಿಲ್ ನಾ ನೋಡದ ಬಿಟ್ಟೆ. ಗಾಡಿ ದಾರ್ಯಾಗ ಕೂತದ್ದು ಅದಕ್ಕ. ಬಾಯಾರದು ಏನಿಲ್ಲ ಇದರಾಗ."

ಕಸ್ತೂರೆವ್ವ ಅವರ ಮುಖ ನೋಡಿ, ಮತ್ತೆ ಎಮ್ಮೆಯ ಮೈ ಒರೆಸತೊಡಗಿದಳು. ನಾನು ಬಾಯಿ ಬಿಡಲಿಲ್ಲ. ಗಾಡಿ ಬಿದ್ದಲ್ಲಿಗೆ ನಡೆದು ಹೋಗುವಾಗಲೂ ಬಿಡಲಿಲ್ಲ.

ಮರುವರ್ಷ ಅವರ ಮೊಣಕಾಲು ಪೂರ್ತಿ ಹೋಯಿತು. ಗ್ಯಾರೇಜು ಮುಚ್ಚಿದರು. ಒಂದು ರವಿವಾರ ಬನಹಟ್ಟಿಗೆ ಹೋದೆ. ಓಣಿಯ ಎರಡೂ ಕಡೆ ಮಗ್ಗಗಳ ಸಪ್ಪಳ. ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಚಹ ಕುಡಿದ ಮೇಲೆ ಹೇಳಿದೆ. "ಅವತ್ತ ನಾ ಖರೇ ಹೇಳಬೇಕಿತ್ರಿ. ನೋಡಬ್ಯಾಡ್ರಿ ಅಂದಾಕಿ ನಾನು."

"ಗೊತ್ತೈತಲ್ರಿ" ಎಂದರು. "ನೀವು ಆ ಊರಿಗೆ ಮತ್ತ ಹೋಗೂವ್ರು. ನಾ ಏನು ಹೋಗಾಂವಲ್ಲ. ನಿಮ್ಮ ಮ್ಯಾಲಿನ ನಂಬಿಗಿ ಹೋತಂದ್ರ ದನಾ ಯಾರಿಗೆ ತೋರಸ್ತಾರ ಅವ್ರು?"

ಅಷ್ಟು ಹೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಈ ಸಲ ನಿಜವಾಗಿಯೂ ನಿದ್ದೆ ಬಂದಿತ್ತು. ನಾನು ಲೋಟ ಒಳಗಿಟ್ಟು, ಅವರ ಹೆಂಡತಿಗೆ ಹೇಳಿ ಹೊರಟೆ. ಅದೇ ಕೊನೆ. ಚಳಿಗಾಲದಲ್ಲಿ ಅವರ ತಮ್ಮ ಫೋನ್ ಮಾಡಿ ಮಿಸ್ತ್ರಿ ತೀರಿಕೊಂಡ ಸುದ್ದಿ ಹೇಳಿದರು.

ಅದಾಗಿ ಒಂದು ವಾರಕ್ಕೆ ಅನಗವಾಡಿಗೆ ಹೋದೆ. ಕಸ್ತೂರೆವ್ವ ಮೇವು ಕತ್ತರಿಸುತ್ತಿದ್ದಳು. ನಿಂತುಕೊಂಡೇ ನನ್ನ ತಪ್ಪೆಲ್ಲ ಹೇಳಿದೆ: ಸೋಮವಾರ, ಆಯಿಲ್, ನಾನು ಸುಮ್ಮನಿದ್ದದ್ದು. ಅವಳು ಕುಡುಗೋಲು ಕೆಳಗಿಟ್ಟು ಪೂರ್ತಿ ಕೇಳಿದಳು. ಬೈಯಲಿಲ್ಲ.

"ಆ ದಿನಾ ನಾ ಅವರಿಗೆ ಒಂದು ವಾಟಗಾ ನೀರು ಸೈತ ಕೊಡಲಿಲ್ರಿ" ಎಂದಳು. "ಈ ಕಡೆ ಬಂದ್ರ ಕರ್ಕೊಂಡ ಬರ್ರಿ ಅವರನ್ನ."