ಶಿಫಾ ಕೇಳಿಯೂ ಕೇಳದ ಮಾತು

"ಅಮ್ಮಾ, ಶಿಫಾ ಆಂಟಿ ಇವತ್ತು ಯಾಕೆ ಮೂಟೆಗಳ ಹತ್ರ ಮಾತಾಡ್ತಾ ಇಲ್ಲ?"

ಐದು ವರ್ಷದ ಮಾಲವಿಕಾ ಕೇಳಿದ್ದು ಅವಳಮ್ಮ ತುಂಗಾಳನ್ನು. ಆದರೆ ಪಕ್ಕದ ಗೋದಾಮಿನೊಳಗೆ ಕೂತಿದ್ದ ಶಿಫಾಗೆ ಕಿಟಕಿಯಿಂದ ಎಲ್ಲ ಕೇಳಿಸಿತು.

"ಸುಮ್ನಿರೇ. ಅವ್ರಿಗೆ ಕೆಲಸ ಇರ್ತದೆ."

"ಮೂಟೆಗಳಿಗೂ ಅವ್ರಿಗೂ ಜಗಳ ಆಯ್ತಾ?"

ಮಗು ಹಾಗೆ ತಿಳಿದುಕೊಂಡಿದ್ದರಲ್ಲಿ ತಪ್ಪಿಲ್ಲ. ಕಳಸದ ಪೇಟೆಯ ಹಿಂದಿರುವ ಆ ಗೋದಾಮು ಶಿಫಾಳ ಅಪ್ಪ ಖಲೀಲ್ ಸಾಹೇಬರದು. ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನು ಸೂರಿನವರೆಗೆ ಪೇರಿಸಿದ ಮೇಲೆ ಅಲ್ಲಿ ಆಡಿದ ಮಾತು ಎಲ್ಲಿಯೂ ತಾಗಿ ಮರಳುವುದಿಲ್ಲ. ಅದಕ್ಕೇ ಶಿಫಾ ಮೂಟೆಗಳ ನಡುವೆ ಒಂದು ಕುರ್ಚಿ ಹಾಕಿಕೊಂಡು, ಮೈಕ್ ಹಿಡಿದು, ತನ್ನ ಪಾಡ್‌ಕಾಸ್ಟಿಗೆ ಮಾತಾಡುತ್ತಿದ್ದಳು. "ಕಥೆ ಕೇಳಿ ಕೇಳಿ ನನ್ನ ಕಾಫಿಗೆ ನಿದ್ದೆ ಬಂದೀತು. ಆಮೇಲೆ ಕುಡಿದವ್ರಿಗೆ ಎಚ್ಚರ ಎಲ್ಲಿಂದ ಬರ್ಬೇಕು?" ಎಂದು ಖಲೀಲ್ ಸಾಹೇಬರು ರೇಗಿಸುತ್ತಿದ್ದರು. ಇವತ್ತು ಮಾತ್ರ ಮಗಳ ಮುಖ ನೋಡಿ ಅವರೂ ಸುಮ್ಮನೆ ಹೊರಗೆ ಹೋಗಿದ್ದರು.

ಶಿಫಾ ಮೊದಲು ಮೂಡಿಗೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೆಟ್ಟದ ಜೀಪು ಚಾಲಕರ ಬದುಕಿನ ಮೇಲೆ ಬರೆದ ಮೊದಲ ಪುಸ್ತಕ ನಾಲ್ಕು ಜನರ ಕಣ್ಣಿಗೆ ಬಿದ್ದಿತು. ಬರವಣಿಗೆಯೇ ಸಾಕು ಎಂದು ಕೆಲಸ ಬಿಟ್ಟಳು. ಎರಡನೆಯ ಪುಸ್ತಕ ಕುದುರೆಮುಖದ್ದು. ಗಣಿ ನಿಂತು ಟೌನ್‌ಶಿಪ್ ಖಾಲಿಯಾದ ಮೇಲೆ ಅಲ್ಲಿನ ಮನೆಗಳಿಂದ ಎದ್ದು ಹೋದವರು ಈಗ ಎಲ್ಲೆಲ್ಲಿ ಹೇಗಿದ್ದಾರೆ ಎಂಬುದು ಅದರ ವಸ್ತು. ಪುಸ್ತಕ ಮುಗಿಯುವವರೆಗೆ ಕೈಯಲ್ಲಿ ನಾಲ್ಕು ಕಾಸು ಆಡಲಿ ಎಂದು ಒಂದು ಕಂಪನಿಗೆ ಮಾಡಿಕೊಡಲು ಒಪ್ಪಿಕೊಂಡದ್ದು ಪಾಡ್‌ಕಾಸ್ಟ್. ಅದು ವಾರ ವಾರವೂ ಬಾಯಿ ತೆರೆದು ಕೂರುತ್ತಿತ್ತು. ಪ್ರಕಾಶಕರು ಫೋನ್ ಮಾಡಿದರೆ ಪಾಡ್‌ಕಾಸ್ಟಿನ ನೆಪ, ಪಾಡ್‌ಕಾಸ್ಟಿನವರು ಕೇಳಿದರೆ ಪುಸ್ತಕದ ನೆಪ. ಹೀಗೆ ಇಬ್ಬರಿಗೂ ಸಮಾಧಾನ ಹೇಳುತ್ತ ಕಾಲ ತಳ್ಳುತ್ತಿದ್ದಳು.

ಎಡವಟ್ಟಾದದ್ದು ಕಳೆದ ವಾರ. ಆ ವಾರದ ಕಂತಿಗೆ ಮಾತಾಡಬೇಕಿದ್ದ ಜೀಪಿನ ಸುಬ್ಬಣ್ಣನಿಗೆ ನೆಗಡಿ ಹಿಡಿದು ಗಂಟಲೇ ಕಟ್ಟಿತು. ಶಿಫಾಳ ಹತ್ತಿರ ತಯಾರಿದ್ದದ್ದು ಕುಸುಮಮ್ಮನ ಧ್ವನಿಮುದ್ರಣ ಒಂದೇ. ಕುಸುಮಮ್ಮ ಟೌನ್‌ಶಿಪ್ಪಿನ ಶಿಶುವಿಹಾರದಲ್ಲಿ ಆಯಾ ಆಗಿದ್ದವರು. ಗಂಡ ತೀರಿಕೊಂಡ ಮೇಲೆ ಕಳಸಕ್ಕೆ ಬಂದು, ತಮ್ಮನಾದ ಗುರುವಯ್ಯನ ಮನೆಯಲ್ಲಿದ್ದುಕೊಂಡು ರವಿಕೆ ಹೊಲಿಯುತ್ತಾರೆ. ಅವರು ಮಾತಾಡಿದ್ದು ಪುಸ್ತಕಕ್ಕೆಂದು, ಹೆಸರು ಬದಲಾಯಿಸುತ್ತೇನೆ ಎಂದು ಶಿಫಾ ಮಾತು ಕೊಟ್ಟ ಮೇಲೆ.

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೇ ನಿಂತು ಶಿಫಾ ಫೋನ್ ಹಚ್ಚಿದ್ದಳು. "ಕುಸುಮಮ್ಮಾ, ನೀವು ಹೇಳಿದ್ದನ್ನ ಪಾಡ್‌ಕಾಸ್ಟಿಗೂ ಹಾಕ್ಲಾ? ಹೆಸರು ಹೇಳೋದಿಲ್ಲ."

ಆ ಕಡೆ ಹೊಲಿಗೆ ಯಂತ್ರ ನಿಂತಿತು. "ನೋಡು ಮಗಾ, ನಿಂಗೆ ಹ್ಯಾಗೆ ಅನುಕೂಲವೋ ಹಾಗೆ ಮಾಡು."

ಈ ಕಡೆಯ ಮನೆಗಳಲ್ಲಿ ಬೇಡ ಎಂಬುದನ್ನು ಮುಖಕ್ಕೆ ಹೊಡೆದಂತೆ ಹೇಳುವವರು ಕಡಿಮೆ. ತೋಟ ಮಾರಲು ಮನಸ್ಸಿಲ್ಲದವರೂ ಇದನ್ನೇ ಹೇಳುತ್ತಾರೆ, ಹೆಣ್ಣು ಕೊಡಲು ಇಷ್ಟವಿಲ್ಲದವರೂ ಇದನ್ನೇ ಹೇಳುತ್ತಾರೆ. ಕೇಳಿದವರು ಕಾಫಿ ಲೋಟ ಕೆಳಗಿಟ್ಟು, ಬೇರೆ ಮಾತೆತ್ತಿ, ಎದ್ದು ಬರಬೇಕು. ಶಿಫಾ ಇಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಇದು ಗೊತ್ತಿಲ್ಲದ್ದಲ್ಲ. ಆ ಹೊತ್ತಿಗೆ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಎಂದೇ ಕೇಳಿಸಿಕೊಂಡಳು.

ಕಂತಿನಲ್ಲಿ ಹೆಸರು ಹೇಳಲಿಲ್ಲ, ನಿಜ. ಆದರೆ ಕುಸುಮಮ್ಮನ ದನಿಗೆ ಬೇರೆ ಹೆಸರಿಡಲು ಯಾರಿಂದ ಸಾಧ್ಯ? ಪೇಟೆಯ ಅರ್ಧ ಹೆಂಗಸರು ಅವರ ಹತ್ತಿರ ಅಳತೆ ಕೊಟ್ಟವರು. ಮಾತು ಮಾತಿಗೂ 'ಮಗಾ' ಎನ್ನುವ ಆ ದನಿ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕಡೆಗೆ ಗುರುವಯ್ಯನ ಹೆಂಡತಿಯ ಕೈಗೂ ಬಂತು.

ಅದರಲ್ಲಿ ಕುಸುಮಮ್ಮ ಹೇಳಿದ್ದು ಇಷ್ಟೇ: "ಅಲ್ಲಿ ನನ್ನ ಅಡುಗೆಮನೆಲಿ ಡಬ್ಬಿ ಮುಚ್ಚಳ ತೆಗೆದು ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಳ್ತಿದ್ದೆ, ಯಾರನ್ನ ಕೇಳ್ಬೇಕು? ಇಲ್ಲಿ ತಮ್ಮನ ಹೆಂಡ್ತಿ ಒಳ್ಳೆಯವಳೇ ಮಗಾ. ಊಟಕ್ಕೇನೂ ಕಮ್ಮಿ ಮಾಡಿಲ್ಲ. ಆದ್ರೆ ಬೆಲ್ಲ ಕೇಳಿ ತಿನ್ಬೇಕು."

ಕಂತನ್ನು ಕತ್ತರಿಸಿ ಜೋಡಿಸುವಾಗ ಆ ಮಾತಿನ ಬಳಿ ಶಿಫಾ ಎರಡು ಸಲ ನಿಂತಿದ್ದಳು. ಎಷ್ಟು ಚೆನ್ನಾಗಿದೆ ಎಂದು ನಿಂತಿದ್ದಳು. ಅದನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ನಿನ್ನೆ ಸಂಜೆ ಕ್ಷಮೆ ಕೇಳಲು ಹೋದಾಗ ಹೊಲಿಗೆ ಯಂತ್ರದ ಹಲಗೆಯ ಮೇಲೆ ಬೆಲ್ಲದ ಡಬ್ಬಿ ಇತ್ತು. ಪೂರ್ತಿ ಡಬ್ಬಿ. ತಮ್ಮನ ಹೆಂಡತಿ ಒಂದು ಮಾತೂ ಆಡದೆ ತಂದು ಇಟ್ಟು ಹೋಗಿದ್ದಳಂತೆ. ಅದನ್ನು ಎತ್ತಿ ಒಳಗಿಡುವ ಧೈರ್ಯ ಕುಸುಮಮ್ಮನಿಗಿಲ್ಲ. ಡಬ್ಬಿಗೆ ತಾಗದಂತೆ ಬಟ್ಟೆಯನ್ನು ಓರೆಯಾಗಿ ಎಳೆದು ಹೊಲಿಯುತ್ತಿದ್ದರು.

"ತಪ್ಪಾಯ್ತು ಕುಸುಮಮ್ಮಾ."

"ಹೋಗ್ಲಿ ಬಿಡು ಮಗಾ. ಕೂತ್ಕೋ, ಕಾಫಿ ತರ್ತೀನಿ."

ತಂದ ಕಾಫಿಗೆ ಬೆಲ್ಲ ಹಾಕಿರಲಿಲ್ಲ. ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಶಿಫಾ ಆ ಸಪ್ಪೆ ಕಾಫಿಯನ್ನು ತಳದವರೆಗೂ ಕುಡಿದು ಬಂದಳು.

ಇವತ್ತು ಬೆಳಿಗ್ಗೆ ಆ ಕಂತನ್ನು ತೆಗೆಸಿಹಾಕಿದ್ದಾಯಿತು. ಪಾಡ್‌ಕಾಸ್ಟಿನವರು ಮುನಿಸಿಕೊಂಡೇ ತೆಗೆದರು. ಜನರ ಮೊಬೈಲಿನಲ್ಲಿ ಉಳಿದದ್ದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಇನ್ನು ಪುಸ್ತಕ. ಸೋಮವಾರ ಪ್ರಕಾಶಕರಿಗೆ ಕಳಿಸಬೇಕಾದ ಪ್ರತಿಯಲ್ಲಿ ಕುಸುಮಮ್ಮನದು ಒಂದಿಡೀ ಅಧ್ಯಾಯ. ಹೆಸರು ಬದಲಾಗಿದೆ, ಬೆಲ್ಲ ಹಾಗೇ ಇದೆ.

ಬಾಗಿಲು ತಳ್ಳಿಕೊಂಡು ತುಂಗಾ ಬಂದಳು, ಕೈಯಲ್ಲಿ ತಟ್ಟೆ. "ಎಂತ ಮಾರಾಯ್ತಿ, ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೀಯಂತೆ? ಕಡುಬು ತಿನ್ನು ಮೊದ್ಲು. ಹಸ್ಕೊಂಡು ಅತ್ರೆ ತಲೆನೋವೊಂದು ಜಾಸ್ತಿ."

ಶಿಫಾ ಎಲ್ಲ ಹೇಳಿದಳು. ತುಂಗಾ ನಿನ್ನ ತಪ್ಪಲ್ಲ ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಹೇಳಲಿಲ್ಲ.

"ಹಂಗಾರೆ ಆ ಅಧ್ಯಾಯ ತೆಗೆದುಬಿಡು."

"ತೆಗೀತೀನಿ. ಆದ್ರೆ ನಾನೇ ತೆಗೆದ್ರೆ ಅದೂ ಅವರನ್ನ ಕೇಳದೇ ಮಾಡಿದ್ದಾಗ್ತದೆ. ಟೌನ್‌ಶಿಪ್ಪಿನ ತನ್ನ ಮನೆ ಬಗ್ಗೆ ಎಲ್ಲಾದ್ರೂ ಬರೆದಿರ್ಲಿ ಅಂತ ಅವರಿಗೆ ಆಸೆ ಇತ್ತು ತುಂಗಾ. ಬೆಲ್ಲ ಬಿಟ್ಟು ಉಳಿದದ್ದು ಇರ್ಲಿ ಅಂತಾರೋ, ಪೂರ್ತಿ ಬೇಡ ಅಂತಾರೋ, ನಂಗೆ ಗೊತ್ತಿಲ್ಲ."

"ಕೇಳು ಮತ್ತೆ."

"ನಾನು ಕೇಳಿದ್ರೆ ಮತ್ತೆ ಕಾಫಿ ಕೊಟ್ಟು, ನಿಂಗೆ ಅನುಕೂಲ ಆದ ಹಾಗೆ ಅಂದುಬಿಡ್ತಾರೆ."

ಹೊರಗೆ ಮಾಲವಿಕಾ ಯಾವುದೋ ಹಾಡು ಕಿರುಚುತ್ತಿದ್ದಳು. ಶಿಫಾ ಪಕ್ಕದಲ್ಲಿದ್ದ ಆ ಅಧ್ಯಾಯದ ಹಾಳೆಗಳನ್ನು ಜೋಡಿಸಿ ತುಂಗಾಳ ಕೈಗಿಟ್ಟಳು.

"ನಿನ್ನ ರವಿಕೆ ಅವರ ಹತ್ರ ಇದೆಯಲ್ಲ, ತರೋಕೆ ಹೋಗ್ತೀಯಲ್ಲ? ತಮ್ಮನ ಹೆಂಡ್ತಿ ಸ್ವಸಹಾಯ ಸಂಘಕ್ಕೆ ಹೋದ ಹೊತ್ತು ನೋಡ್ಕೊಂಡು ಹೋಗು. ಇದನ್ನ ಅವರಿಗೆ ಪೂರ್ತಿ ಓದಿ ಹೇಳು. ನೀನಾದ್ರೆ ಬರೆದವಳಲ್ಲ, ನಿನ್ನ ಹತ್ರ ಬೇಡ ಅನ್ನೋಕೆ ಅವರಿಗೆ ಸಂಕೋಚ ಆಗ್ಲಿಕ್ಕಿಲ್ಲ. ಒಂದೇ ಒಂದು, ಮಾಲವಿಕಾಗೆ ಕಥೆ ಓದ್ತೀಯಲ್ಲ, ಹಾಗೆ ಚೆಂದ ಮಾಡಿ ಓದ್ಬೇಡ. ನಿನ್ನ ಓದಿಗೆ ಮರುಳಾಗಿ ಒಪ್ಪಿಬಿಟ್ಟಾರು."