ದುಂಡು ಚಿನ್ನ, ಮುಳ್ಳು ಚಿನ್ನ

ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಅದು ಹೊಂಬಣ್ಣ ತೊರೆದು ದಾಸವಾಳದ ಕೆಂಪಿಗೆ ತಿರುಗುತ್ತದೆ. ಕಾಶಿಯಲ್ಲಿ ಕುಳಿತು ಈ ಕೆಂಪುನೀರನ್ನೇ ಕಾಯಕವಾಗಿಸಿಕೊಂಡ ನನ್ನನ್ನು ಹೆಂಡತಿ 'ಚಿನ್ನವನ್ನು ನೀರುಪಾಲು ಮಾಡುವವರು' ಎಂದೇ ಪರಿಚಯಿಸುತ್ತಾಳೆ. ಅವಳ ಬರಿಗೊರಳನ್ನು ಕಂಡವರು ನಂಬಿಯೂ ಬಿಡುತ್ತಾರೆ.

ಇಲ್ಲಿರುವ ನಮ್ಮ ಕನ್ನಡಿಗರ ಮಠದಲ್ಲಿ ಅಡುಗೆ ಮಾಡುವ ಸಂಗಪ್ಪಜ್ಜ ಒಂದು ಬೆಳಿಗ್ಗೆ ಅರಿಸಿನದ ಪೊಟ್ಟಣ ಹಿಡಿದು ವಿಶ್ವವಿದ್ಯಾಲಯದ ನನ್ನ ಪ್ರಯೋಗಾಲಯಕ್ಕೇ ಬಂದರು. ಅದರಲ್ಲಿ ಬಣ್ಣದ ಪುಡಿ ಬೆರೆತಿದೆಯೆಂದು ಯಾತ್ರಿಕರೊಬ್ಬರು ದೂರಿದ್ದರಂತೆ. ಅಜ್ಜನ ಕಳವಳವೆಲ್ಲ ಇಪ್ಪತ್ತು ವರ್ಷದಿಂದ ಅರಿಸಿನ ಕೊಡುತ್ತಿದ್ದ ಗೆಳೆಯ, ಅಂಗಡಿಯ ರಾಮ್‌ಲಾಲನ ಬಗ್ಗೆ.

"ಅವ ಅಂಥಾವ ಅಲ್ರೀ ಸರ್. ನಿಮ್ಮ ಮಷೀನಿಗೆ ಹಚ್ಚಿ ಒಮ್ಮೆ ನೋಡಿಬಿಡ್ರಿ."

ಲೇಸರ್ ಬೆಳಕು ಅಣುವಿಗೆ ತಾಗಿ ಚದುರುವಾಗ ಪ್ರತಿ ಅಣುವೂ ಆ ಬೆಳಕಿನಲ್ಲಿ ತನ್ನದೇ ಗುರುತು ಬಿಡುತ್ತದೆ. ಅದು ಪಿಸುಮಾತಿನಷ್ಟು ಕ್ಷೀಣ. ಚಿನ್ನದ ಕಣ ಪಕ್ಕದಲ್ಲಿದ್ದರೆ ಆ ಪಿಸುಮಾತು ಜೋರಾಗುತ್ತದೆ. ನನ್ನ ನೆಚ್ಚಿನ ದುಂಡು ಕಣಗಳ ಜೊತೆ ಪುಡಿಯನ್ನು ಪರೀಕ್ಷಿಸಿದೆ. ಅರಿಸಿನದ ಹೊರತು ಬೇರೇನೂ ಕಾಣಲಿಲ್ಲ. "ಶುದ್ಧ ಇದೆ ಅಜ್ಜ" ಎಂದೆ, ಮಹಾಪಂಡಿತನ ಗತ್ತಿನಲ್ಲಿ. ಅವರು ಕೈಮುಗಿದು ನಗುನಗುತ್ತ ಹೋದರು.

ಮರುದಿನ ನನ್ನ ವಿದ್ಯಾರ್ಥಿನಿ ಪೂನಂ, ಉಳಿದಿದ್ದ ಪುಡಿಯನ್ನು ತನ್ನ ನಕ್ಷತ್ರಾಕಾರದ ಚಿನ್ನದ ಕಣಗಳ ನೀಲಿ ದ್ರಾವಣದೊಡನೆ ಪರೀಕ್ಷಿಸಿದಳು. ಆ ಕಣಗಳ ಮುಳ್ಳಿನಂಥ ತುದಿಗಳಲ್ಲಿ ಬೆಳಕು ಒತ್ತೊತ್ತಾಗಿ ಸೇರುತ್ತದೆ; ದುಂಡು ಚಿನ್ನಕ್ಕೆ ಕೇಳಿಸದ್ದೂ ಅಲ್ಲಿ ಕೇಳಿಸುತ್ತದೆ. "ಸರ್, ದೇಖಿಯೇ" ಎಂದು ನೋಡಲು ಕರೆದಳು. ಪರದೆಯ ಮೇಲೆ ಬೆರಕೆ ಬಣ್ಣದ ಗುರುತು ಗೋಪುರದಂತೆ ಎದ್ದಿತ್ತು. ಮೂರು ಸಲ ಮಾಡಿಸಿದೆ. ಮೂರು ಸಲವೂ ಎದ್ದಿತು.

ಮಠಕ್ಕೆ ಹೋಗಿ ಹೇಳುವುದೇ ಕಷ್ಟವಾಯಿತು.

"ನಿನ್ನೆ ಬೆರಕಿ ಇಲ್ಲ ಅಂದಿದ್ರಲ್ರೀ?"

"ನಿನ್ನೆ ನಾನು ದುಡುಕಿದೆ ಅಜ್ಜ. ಇನ್ನೊಂದು ಬಗೆಯಲ್ಲೂ ನೋಡಬೇಕಿತ್ತು."

ಅಜ್ಜ ಒಲೆ ಆರಿಸಿ, ವಲ್ಲಿ ಹೊದ್ದು ಅಂಗಡಿಗೆ ನಡೆದರು. ಅಪರಾಧಿಯಂತೆ ನಾನೂ ಹಿಂದೆಯೇ ನಡೆದೆ. ವಿಷಯ ಕೇಳಿದ ರಾಮ್‌ಲಾಲ ಜಗಳಕ್ಕೆ ನಿಲ್ಲದೆ ಒಳಗೆ ಹೋಗಿ, ತನ್ನ ಅಡುಗೆಮನೆಯ ಅರಿಸಿನದ ಡಬ್ಬಿಯನ್ನೇ ತಂದು ಅಜ್ಜನ ಮುಂದಿಟ್ಟ.

"ಭೈಯಾ, ಸಗಟು ಮಂಡಿಯಿಂದ ಬಂದ ಪುಡಿ ಇದು. ಮೇರೀ ಪೋತೀ ಭೀ ಯಹೀ ಖಾತೀ ಹೈ."

ಮೊಮ್ಮಗಳೂ ಅದನ್ನೇ ತಿನ್ನುತ್ತಿದ್ದಳೆಂದು ಕೇಳಿದ ಅಜ್ಜ ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಆಮೇಲೆ ಇಬ್ಬರೂ ಸೇರಿ ಆ ಪುಡಿಯ ಮೂಟೆಯನ್ನು ಎಸೆಯಲು ಹೊರಗೆಳೆದರು.

ಈಗ ರಾಮ್‌ಲಾಲ ಅರಿಸಿನದ ಕೊಂಬನ್ನೇ ತರಿಸುತ್ತಾನೆ. ಭಾನುವಾರ ಮಠದ ಹಿತ್ತಿಲಲ್ಲಿ ಇಬ್ಬರೂ ಕುಟ್ಟುತ್ತಾರೆ. ಜರಡಿ ಹಿಡಿಯುವ ಕೆಲಸ ನನ್ನದು. ಅಜ್ಜ ಕನ್ನಡದಲ್ಲಿ ಬೈಯುತ್ತಾರೆ, ಅವನು ಭೋಜಪುರಿಯಲ್ಲಿ. ಒನಕೆಗಳು ಮಾತ್ರ ಒಂದರ ಹಿಂದೊಂದು ತಾಳ ತಪ್ಪದೆ ಬೀಳುತ್ತವೆ.