ಪುಟ್ಟತಾಯಮ್ಮ ಮೇಡಂ ಹೊಗಳಿದರೆ

ಪುಟ್ಟತಾಯಮ್ಮ ಮೇಡಂ ಬೈದರೆ ನಮಗೆ ಭಯವಿರಲಿಲ್ಲ, ಹೊಗಳಿದರೆ ಬೆವರುತ್ತಿದ್ದೆವು. ರಾಮನಗರದ ಹತ್ತಿರದ ಇಂಜಿನಿಯರಿಂಗ್ ಕಾಲೇಜಿಗೆ ನಾನು ಮೇಷ್ಟ್ರಾಗಿ ಸೇರಿದ ಹೊಸತು. ನನ್ನ ಮೊದಲ ಪಾಠ ಕೇಳಿ ಹೊರಬಂದ ಮೇಡಂ, "ಚೆನ್ನಾಗಿತ್ತು ಕಣಪ್ಪ. ಹುಡುಗ್ರಿಗೆ ಒಳ್ಳೆ ನಿದ್ದೆ ಆಯ್ತು," ಎಂದರು.

ಅವರ ಊರು ಕನಕಪುರದ ದೊಡ್ಡಆಲಹಳ್ಳಿ. ಮೆಕ್ಯಾನಿಕಲ್ ವಿಭಾಗದಲ್ಲಿ ಅತ್ಯಾಧುನಿಕ ತಯಾರಿಕಾ ತಂತ್ರಜ್ಞಾನದ ಪ್ರೊಫೆಸರ್. ಡಾಕ್ಟರೇಟ್‌ಗೆ ದೂರದೂರಿಗೆ ಹೋಗಿ ಬಂದಿದ್ದರೂ ಮಾತು ಮಾತ್ರ ಊರು ಬಿಟ್ಟು ಕದಲಿರಲಿಲ್ಲ. ಇಂಥ ವಿಷಯ ಕಲಿಸಲು ನಮ್ಮ ಕಾಲೇಜು ಅವರಿಗೆ ಬಹುಕಾಲ ಕೊಟ್ಟದ್ದು ಒಂದು ಬಿಳಿ ಬೋರ್ಡು, ಒಣಗಿದ ಪೆನ್ನು.

ಕೊನೆಗೂ ಲೋಹದ ಪುಡಿಯನ್ನು ಲೇಸರಿನಲ್ಲಿ ಕರಗಿಸಿ ಬಿಡಿಭಾಗ ಕಟ್ಟುವ ತ್ರೀಡಿ ಪ್ರಿಂಟರ್ ಬಂತು. ಪ್ರಿನ್ಸಿಪಾಲರು ಟೇಪು ಕತ್ತರಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಕೋಣೆಗೆ ಬೀಗ ಹಾಕಿಸಿದರು. ಹುಡುಗರು ಮುಟ್ಟಿದರೆ ಕೆಡುತ್ತದಂತೆ. ಮೇಡಂ ನನ್ನನ್ನೂ ಕರೆದುಕೊಂಡು ನೇರ ಅವರ ಚೇಂಬರಿಗೆ ಹೋದರು.

"ಸಾ, ದಿನಾ ಪೂಜೆಗೆ ಐನೋರನ್ನ ಗೊತ್ತು ಮಾಡ್ಲಾ? ಇಲ್ಲಾ ಬರೀ ಶನಿವಾರ ಮಾಡುದ್ರೆ ಸಾಕಾ?"

ಮರುವಾರವೇ ಲ್ಯಾಬು ಅವರ ಕೈತಪ್ಪಿತು; ಮೊದಲ ವರ್ಷದವರಿಗೆ ಡ್ರಾಯಿಂಗ್ ಕಲಿಸುವ ಗೌರವ ಸಿಕ್ಕಿತು. ಈ ಯಂತ್ರಕ್ಕಾಗಿಯೇ ಕಾದಿದ್ದ ಅವರ ಸಂಶೋಧನೆ ಅಲ್ಲಿಗೇ ನಿಂತಿತು. ಅಂದು ಊಟದ ಡಬ್ಬಿಯ ಮುಚ್ಚಳ ತೆಗೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಕೆಲವು ತಿಂಗಳಿಗೆ ತಪಾಸಣೆಯ ಸಮಿತಿ ಬಂತು. ಅದರಲ್ಲೊಬ್ಬರು, "ಪ್ರಿಂಟರ್ ಓಡಿಸಿ ತೋರಿಸಿ," ಎಂದುಬಿಟ್ಟರು. ಪ್ರಿನ್ಸಿಪಾಲರು ಯಂತ್ರಕ್ಕೆ ಎರಡು ಪ್ರದಕ್ಷಿಣೆ ಹಾಕಿ, ಮೇಡಂಗೆ ಹೇಳಿ ಕಳಿಸಿದರು.

ಮೇಡಂ ನಿಧಾನವಾಗಿ ಬಂದರು. "ಸಾಹೇಬ್ರು ಮಡೀಲಿ ಮಡಗವ್ರೆ. ನಾವು ಮುಟ್ಬೌದಾ ಸಾ?"

"ಮುಟ್ಟಿ ಮೇಡಂ, ದಯವಿಟ್ಟು."

"ನಾನೊಬ್ಳೇ ಅಲ್ಲ ಸಾ. ಹುಡುಗ್ರೂ ಮುಟ್ತಾರೆ. ದಿನಾ."

ಸಮಿತಿಯವರು ನೋಡುತ್ತಿದ್ದರು. ಪ್ರಿನ್ಸಿಪಾಲರು ತಲೆಯಾಡಿಸಿದರು.

ಸಮಿತಿಯ ವರದಿಯಲ್ಲಿ ಪ್ರಿನ್ಸಿಪಾಲರ ದೂರದೃಷ್ಟಿಯನ್ನು ಕೊಂಡಾಡಲಾಗಿತ್ತು. ಮೇಡಂಗೆ ಲ್ಯಾಬು ವಾಪಸು ಸಿಕ್ಕಿತು. ಹುಡುಗರು ಕಟ್ಟಿದ ಮೊದಲ ಗೇರನ್ನು ಬೆಳಕಿಗೆ ಹಿಡಿದು, "ಒಸಿ ಸೊಟ್ಟ ಐತೆ. ಆದ್ರೂ ನಮ್ ಸಾಹೇಬ್ರ ಫೋಟೊಗಿಂತ ಕೆಲ್ಸಕ್ಕೆ ಬತ್ತದೆ," ಎಂದರು. ನಿವೃತ್ತಿಯವರೆಗೂ ಆ ಕೋಣೆ ಬಿಟ್ಟು ಕದಲಲಿಲ್ಲ.

ಕೊನೆಯ ಸಲ ಸಿಕ್ಕಿದ್ದು ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ. ನಾನು ವಿಭಾಗದ ಮುಖ್ಯಸ್ಥನಾದ ಸುದ್ದಿಯನ್ನು ಹಿಗ್ಗಿನಿಂದ ಹೇಳಿದೆ.

"ಅಯ್ಯೋ ಪಾಪ," ಎಂದರು. "ಉಸಾರು ಕಣಪ್ಪ. ಇನ್ಮೇಲೆ ನೀನು ಏನಂದ್ರೂ ನಗ್ತಾರೆ."

ಮರುವರ್ಷ ತೀರಿಕೊಂಡರು.

ಮೊನ್ನೆ ಸ್ಟಾಫ್ ಮೀಟಿಂಗಿನಲ್ಲಿ ಒಂದು ಹಳಸಲು ಜೋಕು ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದೆ ಕೂತವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ಒಬ್ಬರೂ ಇರಲಿಲ್ಲ.